ಮಗನಿಗೆ 25 ವರ್ಷ, ಕಾಲಿನ ಬಲ ಹೋಗುತ್ತಿದೆ, ಕಾಯಿಲೆಗೆ ಹೆಸರೇ ಸಿಕ್ಕಿಲ್ಲ. ಬೆಂಗಳೂರಿನಲ್ಲಿ ಯಾರ ಹತ್ತಿರ ಹೋಗಬೇಕು?

ವಿಜಯನಗರದ ಅಮ್ಮ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಮಗ ಪೀಣ್ಯದ ಒಂದು ಕಂಪನಿಯಲ್ಲಿ ಡಿಸೈನ್ ಕೆಲಸ ಮಾಡುತ್ತಾನೆ. ಕಾಲೇಜಿನಲ್ಲಿ ಕಬಡ್ಡಿ ಆಡುತ್ತಿದ್ದ ಹುಡುಗ. ಮೂರು ವರ್ಷದ ಹಿಂದೆ ದಸರಾ ಗೊಂಬೆ ಕೂರಿಸಲು ಅಟ್ಟದಿಂದ ಪೆಟ್ಟಿಗೆ ಇಳಿಸು ಅಂದೆ. ಕೈ ಚಾಚಿದ, ಆದರೆ ತುದಿಗಾಲಲ್ಲಿ ನಿಲ್ಲಲು ಆಗಲಿಲ್ಲ. ಹಿಮ್ಮಡಿ ನೆಲ ಬಿಟ್ಟು ಮೇಲೇಳಲೇ ಇಲ್ಲ. ಎರಡು ಸಲ ಪ್ರಯತ್ನಪಟ್ಟು ನನ್ನ ಮುಖ ನೋಡಿದ. ನಾನು ಸ್ಟೂಲ್ ತಂದುಕೊಟ್ಟು ಸುಮ್ಮನಾದೆ.

ಆಮೇಲೆ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯತೊಡಗಿದ. ಬಸ್ಸಿನ ಮೊದಲ ಮೆಟ್ಟಿಲು ಎತ್ತರ ಅಂತ ಮೆಟ್ರೋದಲ್ಲೇ ಓಡಾಟ. ಹೋದ ವರ್ಷ ನೆಂಟರ ಮದುವೆಯಲ್ಲಿ ನೆಲದ ಪಂಕ್ತಿಯಲ್ಲಿ ಊಟಕ್ಕೆ ಕೂತ. ಊಟ ಮುಗಿದು ಎಲ್ಲರೂ ಎದ್ದರು. ಇವನು ಎರಡೂ ಕೈ ನೆಲಕ್ಕೆ ಊರಿ, ಆಮೇಲೆ ಮಂಡಿಗೆ, ಆಮೇಲೆ ತೊಡೆಗೆ ಕೈ ಒತ್ತಿಕೊಂಡು, ತನ್ನ ಮೈಯನ್ನೇ ತಾನು ಹತ್ತುವ ಹಾಗೆ ಎದ್ದ. ಎಲೆ ತೆಗೆಯುವವರು ಕಾಯುತ್ತಾ ನಿಂತಿದ್ದರು. ಅವತ್ತಿನಿಂದ ಯಾವ ಮದುವೆ ಮುಂಜಿಗೂ ಬರುವುದಿಲ್ಲ.

ಮೊದಲು ತೋರಿಸಿದ ಕಡೆ ರಕ್ತದಲ್ಲಿ ಎಸ್‌ಜಿಪಿಟಿ 190, ಎಸ್‌ಜಿಒಟಿ 160 ಬಂತು. ಲಿವರ್ ತೊಂದರೆ ಅಂದರು. ಒಂದೂವರೆ ವರ್ಷ ಲಿವರ್ ಡಾಕ್ಟರ ಹತ್ತಿರ ಓಡಾಡಿದೆವು. "ಕುಡೀತೀಯಾ, ನಿಜ ಹೇಳು" ಅಂತ ನನ್ನ ಎದುರೇ ಮೂರು ಸಲ ಕೇಳಿದರು. ಅವನು ಮುಟ್ಟಿದವನೇ ಅಲ್ಲ. ಕೊನೆಗೆ ಇನ್ನೊಬ್ಬರು ಸಿಪಿಕೆ ಪರೀಕ್ಷೆ ಬರೆದರು, ಮಾಂಸಖಂಡ ಸವೆದರೆ ರಕ್ತದಲ್ಲಿ ಏರುವ ಅಂಶವಂತೆ ಅದು. ಸುಮಾರು 200ರ ಒಳಗೆ ಇರಬೇಕಾದದ್ದು 7,000 ದಾಟಿತ್ತು. ಮಾಂಸಖಂಡದ ಉರಿಯೂತ ಅಂತ ಸ್ಟೀರಾಯ್ಡ್ ಶುರು ಮಾಡಿದರು. ಐದು ತಿಂಗಳಾಯಿತು. ಮುಖ ಊದಿದೆ, ಶುಗರ್ ಏರಿದೆ. ಕಾಲಿಗೆ ಮಾತ್ರ ಏನೂ ಗುಣ ಕಂಡಿಲ್ಲ.

ಮೂಳೆ, ಲಿವರ್, ಕೀಲು, ನರ ಅಂತ ಇದುವರೆಗೆ ಆರು ಡಾಕ್ಟರು. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ರಿಪೋರ್ಟುಗಳೆಲ್ಲ ಒಂದು ಸೀರೆ ಅಂಗಡಿ ಚೀಲದಲ್ಲಿ ತುಂಬಿವೆ. ಈಗ ಮಗ "ಇನ್ನು ಸಾಕಮ್ಮ, ಎಲ್ಲಿಗೂ ಬರಲ್ಲ" ಅನ್ನುತ್ತಾನೆ.

ಇನ್ನೊಂದು ವಿಷಯ ಹೇಳಲೇಬೇಕು. ನಾನು ನನ್ನ ಸೋದರಮಾವನನ್ನೇ ಮದುವೆಯಾದವಳು. ಅದಕ್ಕೇ ಹೀಗಾಯಿತು ಅಂತ ನೆಂಟರೊಬ್ಬರು ಮುಖಕ್ಕೇ ಹೇಳಿದರು. ರಾತ್ರಿ ನಿದ್ದೆ ಬರುವುದಿಲ್ಲ. ದಾರಿ ಗೊತ್ತಿದ್ದವರು ಹೇಳಿ.

ಭದ್ರಾವತಿ ಅಪ್ಪ

ಅಕ್ಕ, ಒಂದು ಪ್ರಶ್ನೆ. ಆ ಲಿವರ್ ರಿಪೋರ್ಟಿನಲ್ಲಿ ಜಿಜಿಟಿ ಅಂತ ಇನ್ನೊಂದು ಅಂಶ ಇದೆಯಾ? ಎಷ್ಟು ಬಂದಿದೆ?

ವಿಜಯನಗರದ ಅಮ್ಮ

ಇದೆ ಅಣ್ಣ. 28. ನಾರ್ಮಲ್ ಅಂತ ಬರೆದಿದೆ. ಹೊಟ್ಟೆ ಸ್ಕ್ಯಾನ್ ಕೂಡ ನಾರ್ಮಲ್.

ಭದ್ರಾವತಿ ಅಪ್ಪ

ಹಾಗಿದ್ದರೆ ನಮ್ಮ ಕಥೆಯೇ ನಿಮ್ಮದೂ. ನಮ್ಮ ಮಗಳಿಗೆ ಈಗ 31. ಹೆಸರು ಸಿಗಲು ಆರು ವರ್ಷ ಹಿಡಿಯಿತು. ಅದರಲ್ಲಿ ಎರಡು ವರ್ಷ ಲಿವರ್ ಹಿಂದೆಯೇ ಹೋಯಿತು.

ಎಸ್‌ಜಿಪಿಟಿ, ಎಸ್‌ಜಿಒಟಿ ಲಿವರ್‌ನಲ್ಲಿ ಮಾತ್ರ ಇರುವುದಲ್ಲ ಅಕ್ಕ. ಮಾಂಸಖಂಡದಲ್ಲೂ ಇರುತ್ತವೆ. ಖಂಡ ಸವೆಯುತ್ತಿದ್ದರೆ ಅಲ್ಲಿಂದ ಸೋರಿ ರಕ್ತಕ್ಕೆ ಬರುತ್ತವೆ. ಜಿಜಿಟಿ ಹಾಗಲ್ಲ, ಖಂಡದಿಂದ ಅದು ಏರುವುದಿಲ್ಲ. ಅದು ಸರಿಯಿದ್ದು ಇವೆರಡೇ ಜಾಸ್ತಿ ಇದ್ದರೆ ಸಿಪಿಕೆ ನೋಡಬೇಕು. ಇದನ್ನು ನಮಗೆ ಯಾರಾದರೂ ಮೊದಲ ವರ್ಷವೇ ಹೇಳಿದ್ದರೆ ಎಷ್ಟೋ ಅಲೆದಾಟ ತಪ್ಪುತ್ತಿತ್ತು.

ಸ್ಟೀರಾಯ್ಡ್ ಬಗ್ಗೆ. ನಮ್ಮ ಮಗಳಿಗೂ ಪಾಲಿಮಯೋಸೈಟಿಸ್, ಅಂದರೆ ಖಂಡದ ಉರಿಯೂತ, ಅಂತ ಹೇಳಿ ಒಂದು ವರ್ಷ ಕೊಟ್ಟಿದ್ದರು. ಕೊನೆಗೆ ಗೊತ್ತಾಗಿದ್ದು ಡಿಸ್‌ಫರ್ಲಿನ್ ಅನ್ನುವ ಪ್ರೋಟೀನಿನ ಕೊರತೆ, ಅದು ಹುಟ್ಟಿನಿಂದಲೇ ಬಂದ ಜೀನ್ ದೋಷ. ಹದಿನೈದು ಇಪ್ಪತ್ತರ ವಯಸ್ಸಿನವರೆಗೆ ಮಕ್ಕಳು ಓಡಾಡಿಕೊಂಡು ಚೆನ್ನಾಗಿಯೇ ಇರುತ್ತಾರೆ, ಆಮೇಲೆ ಶುರುವಾಗುತ್ತದೆ. ಎಷ್ಟೋ ಜನರಲ್ಲಿ ಮೊದಲು ಹೋಗುವುದು ತುದಿಗಾಲಲ್ಲಿ ನಿಲ್ಲುವ ಶಕ್ತಿ. ನೀವು ಅಟ್ಟದ ಪೆಟ್ಟಿಗೆ ವಿಷಯ ಬರೆದಾಗ ನನಗೆ ಎದೆ ಧಸಕ್ಕೆಂದಿತು. ಖಂಡದ ಚೂರು ತೆಗೆದು ನೋಡುವ ಬಯಾಪ್ಸಿಯಲ್ಲಿ ಉರಿಯೂತದ ಹಾಗೆಯೇ ಕಾಣಬಹುದು, ಅದಕ್ಕೇ ತಪ್ಪಾಗುವುದು. ಸ್ಟೀರಾಯ್ಡ್ ಇದಕ್ಕೆ ಕೆಲಸ ಮಾಡುವುದಿಲ್ಲ.

ನಿಮ್ಮ ಮಗನಿಗೂ ಅದೇ ಅಂತ ನಾನು ಹೇಳುತ್ತಿಲ್ಲ. ಹೀಗೆ ಕಾಣುವ ಕಾಯಿಲೆಗಳು ಹತ್ತಾರು ಇವೆ. ದಯವಿಟ್ಟು ಇದನ್ನು ಓದಿ ಸ್ಟೀರಾಯ್ಡ್ ಮಾತ್ರೆ ಒಂದೇ ಸಲ ನಿಲ್ಲಿಸಬೇಡಿ. ಇಷ್ಟು ತಿಂಗಳು ತಗೊಂಡ ಮೇಲೆ ದಿಢೀರನೆ ಬಿಟ್ಟರೆ ಜೀವಕ್ಕೇ ಅಪಾಯ. ಡಾಕ್ಟರೇ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು.

ಎಲ್ಲಿಗೆ ಅಂತ ಕೇಳಿದಿರಿ. ನಾವು ಹೋಗಿದ್ದು ಹೊಸೂರು ರಸ್ತೆಯ ನಿಮ್ಹಾನ್ಸ್. ಅದು ಮನಸ್ಸಿನ ಕಾಯಿಲೆಯ ಆಸ್ಪತ್ರೆ ಮಾತ್ರ ಅಂತ ಎಷ್ಟೋ ಜನ ಇನ್ನೂ ತಿಳಿದಿದ್ದಾರೆ. ಹೆಸರಿನ ಕೊನೆಯ ಎನ್‌ಎಸ್ ಅಂದರೆ ನರವಿಜ್ಞಾನ ಅಕ್ಕ, ನರ ಮತ್ತು ಸ್ನಾಯುವಿನ ಕಾಯಿಲೆಗಳನ್ನೇ ನೋಡುವ ತಂಡ ಅಲ್ಲಿದೆ. ಬಯಾಪ್ಸಿಯನ್ನು ಅಲ್ಲೇ ಓದುತ್ತಾರೆ. ಬೆಳಗ್ಗೆ ಬೇಗ ಹೋಗಿ ಒಪಿಡಿಯಲ್ಲಿ ಹೆಸರು ಬರೆಸಿ. ಇಡೀ ದಿನ ಅಲ್ಲಿಗೇ ಅಂತ ಇಟ್ಟುಕೊಳ್ಳಿ. ಊಟದ ಡಬ್ಬಿ, ನೀರು, ಹಳೆ ಬಯಾಪ್ಸಿ ಆಗಿದ್ದರೆ ಅದರ ಸ್ಲೈಡು, ಎಂಆರ್‌ಐ ಆಗಿದ್ದರೆ ರಿಪೋರ್ಟಿನ ಜೊತೆ ಸಿಡಿ ಕೂಡ ತಗೊಂಡು ಹೋಗಿ. ನಡೆದಾಡಲು ಕಷ್ಟ ಇದ್ದರೆ ಗೇಟಿನಲ್ಲೇ ವೀಲ್‌ಚೇರ್ ಕೇಳಿ. ನಮ್ಮ ಮಗಳು ಮೊದಲ ಸಲ ಸಂಕೋಚಪಟ್ಟು ಬೇಡ ಅಂದಳು, ಸಂಜೆ ಹೊತ್ತಿಗೆ ನಿಲ್ಲಲೂ ಆಗಲಿಲ್ಲ.

ಹಾಸನದ ಗಿರಿ

ಅಮ್ಮ, ನಮ್ಮ ಕಡೆ ಒಬ್ಬ ನಾಟಿ ವೈದ್ಯರಿದ್ದಾರೆ. ಎಣ್ಣೆ ಹಾಕಿ ನೀವುತ್ತಾರೆ, ಒಂದು ಪುಡಿ ಕೊಡುತ್ತಾರೆ. ನಮ್ಮ ಚಿಕ್ಕಪ್ಪನಿಗೆ ಸೊಂಟ ಪೂರ್ತಿ ಗುಣವಾಯಿತು. ಒಮ್ಮೆ ತೋರಿಸಿ ನೋಡಿ.

ಸ್ಟಾಫ್ ನರ್ಸ್, ಕೆ.ಆರ್. ಪುರ

ಗಿರಿ ಅವರೇ, ಒಳ್ಳೆಯ ಮನಸ್ಸಿನಿಂದ ಹೇಳಿದ್ದೀರಿ. ಬಿಸಿ ಎಣ್ಣೆ ಹಚ್ಚಿ ಮೆತ್ತಗೆ ನೀವಿದರೆ ಹಿತ ಅನಿಸುತ್ತೆ, ಅದಕ್ಕೆ ನನ್ನದೇನೂ ತಕರಾರಿಲ್ಲ. ಆದರೆ ಹೆಸರು, ಲೇಬಲ್ ಇಲ್ಲದ ಪುಡಿ ಬೇಡ. ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್, ಸೀಸ, ಪಾದರಸ ಸಿಕ್ಕಿದ್ದು ಉಂಟು. ಈ ಹುಡುಗ ಈಗಾಗಲೇ ಸ್ಟೀರಾಯ್ಡ್ ಮೇಲಿದ್ದಾನೆ.

ಅಮ್ಮ, ಇನ್ನೊಂದು ನೆನಪಿಡಿ. ಹಲ್ಲು ಕೀಳಿಸುವುದಿರಲಿ, ಅಪೆಂಡಿಕ್ಸ್ ಇರಲಿ, ಯಾವ ಆಪರೇಷನ್ ಆದರೂ ಸರಿ, "ಸಿಪಿಕೆ ಜಾಸ್ತಿ ಇದೆ, ಸ್ನಾಯುವಿನ ಕಾಯಿಲೆ ಇರಬಹುದು" ಅಂತ ಅರಿವಳಿಕೆ ಡಾಕ್ಟರಿಗೆ ಮೊದಲೇ ಹೇಳಬೇಕು. ಕೆಲವು ಅರಿವಳಿಕೆ ಔಷಧಿ ಇಂಥವರಿಗೆ ಆಗಿಬರುವುದಿಲ್ಲ.

ಮಾರತ್ತಹಳ್ಳಿ 29

ಅಮ್ಮ, ನಾನು ನಿಮ್ಮ ಮಗನ ಜಾಗದಲ್ಲಿ ಇರುವವನು. 21ಕ್ಕೆ ಶುರುವಾಯಿತು, ಈಗ 29. ನನ್ನ ಕಾಯಿಲೆಗೆ ಇವತ್ತಿಗೂ ಹೆಸರಿಲ್ಲ.

ನಿಮ್ಮ ಮಗ ಯಾಕೆ ಬರಲ್ಲ ಅನ್ನುತ್ತಾನೆ ಅಂತ ನನಗೆ ಗೊತ್ತು ಅನಿಸುತ್ತೆ. ನಾನು ಹೋದ ಕಡೆಯೆಲ್ಲ ಡಾಕ್ಟರು ನನ್ನ ಅಪ್ಪನ ಮುಖ ನೋಡಿ ಕೇಳುತ್ತಿದ್ದರು. "ಯಾವಾಗಿಂದ ಹೀಗೆ ಇವನಿಗೆ?" ಅಪ್ಪ ಉತ್ತರ ಹೇಳುತ್ತಿದ್ದರು. ಅಪ್ಪ ಹೇಳಿದ್ದು ಅವರ ಕಣ್ಣಿಗೆ ಕಂಡಿದ್ದು. ಬೀಳುತ್ತಾನೆ, ಏಳಲು ಕಷ್ಟ, ಅಷ್ಟೇ. ನನಗೆ ಗೊತ್ತಿದ್ದದ್ದು ಬೇರೆ. ಅಂಗಾತ ಮಲಗಿದರೆ ಉಸಿರು ಸಾಲದು, ಎರಡು ದಿಂಬು ಬೇಕು. ಬೆಳಗ್ಗೆ ಎದ್ದಾಗ ತಲೆನೋವು. ಅಮ್ಮ ಹೆದರುತ್ತಾಳೆ ಅಂತ ಅದನ್ನು ಮನೆಯಲ್ಲಿ ಹೇಳಿರಲಿಲ್ಲ, ಹಾಗಾಗಿ ಡಾಕ್ಟರಿಗೂ ಗೊತ್ತಾಗಲಿಲ್ಲ. ಎರಡು ವರ್ಷದ ಮೇಲೆ ಒಬ್ಬ ಡಾಕ್ಟರ್ ಅಪ್ಪನಿಗೆ "ನೀವು ಐದು ನಿಮಿಷ ಹೊರಗೆ ಕೂತಿರಿ" ಅಂದರು. ಆಗ ಹೇಳಿದೆ. ಅವತ್ತೇ ಉಸಿರಾಟದ ಪರೀಕ್ಷೆ ಮಾಡಿಸಿದರು. ಈಗ ರಾತ್ರಿ ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಮಷಿನ್ ಹಾಕಿಕೊಂಡು ಮಲಗುತ್ತೇನೆ. ತಲೆನೋವು ಹೋಯಿತು. ಹಗಲು ಕೆಲಸ ಮಾಡಲು ಆಗುತ್ತೆ. ಹೆಸರಿಲ್ಲದ ಕಾಯಿಲೆಗೂ ಚಿಕಿತ್ಸೆ ಇರುತ್ತೆ ಅಮ್ಮ. ಹೃದಯಕ್ಕೆ ಎಕೋ, ಉಸಿರಿಗೆ ಸ್ಪೈರೋಮೆಟ್ರಿ, ಇವೆರಡಕ್ಕೆ ಹೆಸರು ಸಿಗುವವರೆಗೆ ಕಾಯಬೇಡಿ.

ಆಮೇಲೆ ನಾನೇ ಒಂದು ಪುಟ ಬರೆದೆ. ನಾನೇ, ನನ್ನ ಕೈಯಾರೆ. ಯಾವ ವರ್ಷ ಏನು ಮಾಡಲು ಆಗದೆ ಹೋಯಿತು ಅನ್ನುವುದೇ ಮೊದಲು. "ವೀಕ್‌ನೆಸ್" ಅಂತ ಬರೆದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. "2019ರಲ್ಲಿ ಮೂರು ಮಹಡಿ ಹತ್ತುತ್ತಿದ್ದೆ, 2021ರಲ್ಲಿ ಒಂದೇ" ಅಂದರೆ ಡಾಕ್ಟರು ಪೆನ್ನು ಕೈಗೆ ತಗೊಳ್ಳುತ್ತಾರೆ. ನಿಮ್ಮ ಮಗನಿಗೆ ಹೇಳಿ, ಚೀಲ ನೀವು ಹಿಡಿದುಕೊಳ್ಳಿ, ಮಾತು ಅವನು ಆಡಲಿ.

ತುಮಕೂರು ಶೈಲಜಾ

ಕೇಳಬಾರದೇನೋ, ಆದರೂ ಕೇಳುತ್ತೇನೆ. ಇಷ್ಟೆಲ್ಲ ಓಡಾಡಿ ಹೆಸರು ಸಿಕ್ಕರೆ ಏನು ಸಿಕ್ಕಂತೆ? ಔಷಧಿಯೇ ಇಲ್ಲ ಅಂತಾರಲ್ಲ ಇಂಥವಕ್ಕೆ. ನಮ್ಮ ಅಕ್ಕನ ಮಗನಿಗೂ ಹೀಗೇ ಇದೆ, ಅವರು ಕೈಬಿಟ್ಟಿದ್ದಾರೆ.

ಜೆನೆಟಿಕ್ ಕೌನ್ಸೆಲರ್, ಜಯನಗರ

ಶೈಲಜಾ ಅವರೇ, ಕೇಳಿದ್ದು ಒಳ್ಳೆಯದೇ ಆಯಿತು. ಕೆಲವಕ್ಕೆ ಔಷಧಿ ಇದೆ. ಪೋಂಪೆ ಅನ್ನುವ ಕಾಯಿಲೆ ದೊಡ್ಡವರಲ್ಲೂ ತೊಡೆ, ಸೊಂಟದ ಬಲಹೀನತೆಯಿಂದಲೇ ಶುರುವಾಗುತ್ತದೆ. ಕಾಗದದ ಮೇಲೆ ಒಣಗಿಸಿದ ರಕ್ತದ ಹನಿಯಿಂದ ಮೊದಲ ಪರೀಕ್ಷೆ ಆಗುತ್ತದೆ. ಅದಕ್ಕೆ ಎರಡು ವಾರಕ್ಕೊಮ್ಮೆ ಡ್ರಿಪ್ ಮೂಲಕ ಕೊಡುವ ಎಂಜೈಮ್ ಚಿಕಿತ್ಸೆ 2006ರಿಂದ ಇದೆ, ತುಂಬಾ ದುಬಾರಿ. ವಿಟಮಿನ್ ಡಿ ತೀರಾ ಕಡಿಮೆಯಾದರೆ, ಥೈರಾಯ್ಡ್ ಹೆಚ್ಚುಕಡಿಮೆಯಾದರೆ, ಪೊಟ್ಯಾಷಿಯಂ ಇಳಿದರೆ ಕೂಡ ಕಾಲು ಸೋಲುತ್ತದೆ, ಅವೆಲ್ಲ ಸರಿಮಾಡಬಹುದಾದವು. ಔಷಧಿ ಇಲ್ಲದ ಕಾಯಿಲೆಯಾದರೂ ಹೆಸರು ಸಿಕ್ಕರೆ ಬೇಡದ ಔಷಧಿ ನಿಲ್ಲುತ್ತದೆ. ಹೃದಯಕ್ಕೆ ತಗುಲುವ ಜಾತಿಯೋ ಅಲ್ಲವೋ ಗೊತ್ತಾಗುತ್ತದೆ. ನಿಮ್ಮ ಅಕ್ಕನ ಮಗನನ್ನು ದಯವಿಟ್ಟು ಒಮ್ಮೆ ಕರೆತನ್ನಿ.

ವಿಜಯನಗರದ ಅಮ್ಮ, ನಿಮ್ಮ ರಾತ್ರಿಯ ನಿದ್ದೆಯ ಮಾತಿಗೆ ಬರುತ್ತೇನೆ. ಈ ಭೂಮಿಯ ಮೇಲೆ ಹುಟ್ಟಿದ ಪ್ರತಿಯೊಬ್ಬರಲ್ಲೂ ಕೆಲವು ದೋಷವಿರುವ ಜೀನ್‌ಗಳಿವೆ. ನನ್ನಲ್ಲೂ ಇವೆ, ನಿಮ್ಮ ಆ ನೆಂಟರಲ್ಲೂ ಇವೆ. ಹೆಚ್ಚಿನ ಜೀನ್‌ಗಳಿಗೆ ಎರಡು ಪ್ರತಿ ಇರುವುದರಿಂದ ಒಂದು ಕೆಟ್ಟರೂ ಎಷ್ಟೋ ಸಲ ಇನ್ನೊಂದು ಕೆಲಸ ನಡೆಸುತ್ತದೆ. ತಾಯಿ ತಂದೆ ಇಬ್ಬರಲ್ಲೂ ಅದೇ ಜೀನಿನಲ್ಲಿ ದೋಷವಿದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಕಾಯಿಲೆಯ ಸಾಧ್ಯತೆ. ಸಂಬಂಧದಲ್ಲಿ ಮದುವೆಯಾದರೆ ಇಬ್ಬರಲ್ಲೂ ಒಂದೇ ದೋಷ ಇರುವ ಸಾಧ್ಯತೆ ಜಾಸ್ತಿ, ನಿಜ. ಆದರೆ ಸಂಬಂಧವೇ ಇಲ್ಲದ ದಂಪತಿಗಳ ಮಕ್ಕಳೂ ಇದೇ ಕಾಯಿಲೆ ಹೊತ್ತು ನನ್ನ ಎದುರು ಕೂರುತ್ತಾರೆ. ಹಿರಿಯರು ನೋಡಿ ಮಾಡಿದ ಮದುವೆ ಅದು. ಯಾರಿಗೂ ಗೊತ್ತಿಲ್ಲದ ಒಂದು ವಿಷಯಕ್ಕೆ ನೀವು ತಪ್ಪಿತಸ್ಥರಾಗುವುದು ಹೇಗೆ?

ಪರೀಕ್ಷೆಯ ಹೆಸರು ಎಕ್ಸೋಮ್. ಮನುಷ್ಯನ ಸುಮಾರು 20,000 ಜೀನ್‌ಗಳಲ್ಲಿ ಪ್ರೋಟೀನ್ ಮಾಡುವ ಭಾಗವನ್ನಷ್ಟೇ ಓದುತ್ತಾರೆ. ರಕ್ತ ಕೊಟ್ಟ ಮೇಲೆ ರಿಪೋರ್ಟ್ ಬರಲು ಕೆಲವು ವಾರ ಬೇಕು. ಎಲ್ಲರಿಗೂ ಉತ್ತರ ಸಿಗುವುದಿಲ್ಲ. ಕೆಲವು ಸಲ "ಅರ್ಥ ಖಚಿತವಿಲ್ಲದ ಬದಲಾವಣೆ" ಅಂತ ಬರುತ್ತದೆ. ಅದನ್ನು ಹಿಡಿದು ಇದೇ ಕಾಯಿಲೆ ಅಂತ ತೀರ್ಮಾನಕ್ಕೆ ಬರಬೇಡಿ. ತಾಯಿ ತಂದೆಯ ರಕ್ತವನ್ನೂ ನೋಡಿದರೆ ಎಷ್ಟೋ ಸಲ ಗೊಂದಲ ಬಿಡಿಸಬಹುದು. ಉತ್ತರ ಬರದಿದ್ದರೂ ಅದರ ಪೂರ್ತಿ ಡೇಟಾ ಕೇಳಿ ಇಟ್ಟುಕೊಳ್ಳಿ. ಹೊಸ ಜೀನ್‌ಗಳು ಪತ್ತೆಯಾಗುತ್ತಲೇ ಇವೆ, ಒಂದೆರಡು ವರ್ಷ ಬಿಟ್ಟು ಅದೇ ಡೇಟಾವನ್ನು ಮತ್ತೆ ಓದಿಸಿದಾಗ ಉತ್ತರ ಸಿಕ್ಕವರಿದ್ದಾರೆ. ಮಾರತ್ತಹಳ್ಳಿ ತಮ್ಮಾ, ಇದು ನಿನಗೂ ಹೇಳಿದ್ದು.

ನಿಮ್ಹಾನ್ಸ್ ಬಿಟ್ಟರೆ ಸೇಂಟ್ ಜಾನ್ಸ್ ಆಸ್ಪತ್ರೆ, ಎಲೆಕ್ಟ್ರಾನಿಕ್ ಸಿಟಿಯ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಲ್ಲೂ ಜೀನ್ ಸಂಬಂಧಿ ಕಾಯಿಲೆ ನೋಡುವವರಿದ್ದಾರೆ. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಬೆಂಗಳೂರಿಗೆ ಗೊತ್ತುಮಾಡಿದ ಕೇಂದ್ರ ಈ ಹ್ಯೂಮನ್ ಜೆನೆಟಿಕ್ಸ್ ಸೆಂಟರೇ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯ ಜೊತೆ ಸೇರಿ. ನೀತಿಯ ಪಟ್ಟಿಯಲ್ಲಿರುವ ಕಾಯಿಲೆಗಳ ಚಿಕಿತ್ಸೆಗೆ 50 ಲಕ್ಷದವರೆಗೆ ನೆರವು ಇದೆ. ಅದಕ್ಕೂ ಮೊದಲು ಬೇಕಾಗಿರುವುದು ಹೆಸರೇ, ಶೈಲಜಾ ಅವರೇ.

ವಿಜಯನಗರದ ಅಮ್ಮ

ಮೇಡಂ, ನಿಮ್ಮ ಮಾತು ಯಜಮಾನರಿಗೂ ಓದಿ ಹೇಳಿದೆ. ಇಬ್ಬರೂ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆವು. ಒಂದು ಮಾತು ಕೇಳಬೇಕು. ನನ್ನ ಮಗಳಿಗೆ 22. ನನ್ನ ತಮ್ಮನ ಮಗನಿಗೆ ಅವಳನ್ನು ಕೇಳುತ್ತಿದ್ದಾರೆ. ಏನು ಹೇಳಲಿ?

ಜೆನೆಟಿಕ್ ಕೌನ್ಸೆಲರ್, ಜಯನಗರ

ಅಣ್ಣನ ರಿಪೋರ್ಟ್ ಬರುವವರೆಗೆ ಸ್ವಲ್ಪ ಸಮಯ ಕೇಳಿ, ಅಷ್ಟೇ. ಎರಡೂ ಪ್ರತಿ ಕೆಟ್ಟು ಬರುವ ಜಾತಿಯ ಕಾಯಿಲೆ ಅಂತಾದರೆ, ಕಾಯಿಲೆ ಇಲ್ಲದ ತಂಗಿಯಲ್ಲಿ ಒಂದು ಪ್ರತಿ ಇರುವ ಸಾಧ್ಯತೆ ಮೂರರಲ್ಲಿ ಎರಡು ಪಾಲು. ಅದರಿಂದ ಅವಳ ಆರೋಗ್ಯಕ್ಕೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ದೋಷ ಯಾವ ಜಾಗದಲ್ಲಿ ಅಂತ ಗೊತ್ತಾದ ಮೇಲೆ ಅವಳಿಗೂ ಹುಡುಗನಿಗೂ ಆ ಒಂದು ಜಾಗ ಮಾತ್ರ ನೋಡುವ ಪರೀಕ್ಷೆ ಸಾಕು. ಆದರೆ ಪರೀಕ್ಷೆ ಮಾಡಿಸಿಕೊಳ್ಳುವುದೋ ಬೇಡವೋ ಅನ್ನುವುದು ಅವಳ ನಿರ್ಧಾರ. ಅವಳಿಗೆ ಮೊದಲು ಹೇಳಿ. ಅವಳಿಗೆ ಗೊತ್ತಾಗುವ ಮೊದಲು ನೆಂಟರಿಗೆ ಗೊತ್ತಾಗಬಾರದು.

ಫಿಸಿಯೋ, ಬನಶಂಕರಿ

ತಡವಾಗಿ ಬರೆಯುತ್ತಿದ್ದೇನೆ. ಮಗ ಜಿಮ್‌ಗೆ ಹೋಗಿ ಭಾರ ಎತ್ತಿ ಕಾಲು ಗಟ್ಟಿ ಮಾಡಿಕೊಳ್ಳೋಣ ಅಂದುಕೊಂಡಿದ್ದರೆ ಬೇಡ. ಸವೆಯುವ ಖಂಡಕ್ಕೆ ಅತಿ ಭಾರ ಕೊಟ್ಟರೆ ಇನ್ನೂ ಸವೆಯಬಹುದು. ಹಾಗಂತ ಕೂತೇ ಇರುವುದೂ ತಪ್ಪು. ನಡಿಗೆ, ಈಜು, ಮೀನಖಂಡವನ್ನು ಮೆತ್ತಗೆ ಎಳೆಯುವ ವ್ಯಾಯಾಮ ಒಳ್ಳೆಯದು. ಮಾರನೆಯ ದಿನವೂ ನೋವು, ಸುಸ್ತು ಉಳಿದರೆ ಹಿಂದಿನ ದಿನ ಜಾಸ್ತಿ ಆಯಿತು ಅಂತ ಅರ್ಥ. ಸಿಪಿಕೆ ಪರೀಕ್ಷೆಯ ಹಿಂದಿನ ದಿನಗಳಲ್ಲಿ ಜೋರಾಗಿ ವ್ಯಾಯಾಮ ಮಾಡಬಾರದು, ಸಂಖ್ಯೆ ಸುಮ್ನೆ ಏರುತ್ತೆ.

ಮನೆಯಲ್ಲಿ ಅವನು ಕೂರುವ ಕುರ್ಚಿ ನಾಲ್ಕು ಇಂಚು ಎತ್ತರಿಸಿ. ಬಚ್ಚಲುಮನೆಯಲ್ಲಿ ಒಂದು ಕಂಬಿ ಹಾಕಿಸಿ. ಊಟಕ್ಕೆ ಎಲ್ಲರೂ ಟೇಬಲ್‌ಗೆ ಬನ್ನಿ, ಅವನೊಬ್ಬನೇ ಮೇಲೆ ಕೂರುವ ಹಾಗಾಗಬಾರದು.

ವಿಜಯನಗರದ ಅಮ್ಮನ ಮಗ

ನಮಸ್ಕಾರ. ಅಮ್ಮ ಮೊನ್ನೆ ಇದನ್ನೆಲ್ಲ ತೋರಿಸಿದರು. ಮೊದಲು ಕೋಪ ಬಂತು, ನನ್ನ ವಿಷಯ ಎಲ್ಲರ ಮುಂದೆ ಇಟ್ಟರಲ್ಲ ಅಂತ. ಆಮೇಲೆ ಮಾರತ್ತಹಳ್ಳಿ ಅಣ್ಣ ಬರೆದದ್ದು ಓದಿದೆ. ರಾತ್ರಿ ಕೂತು ಒಂದು ಪುಟ ಬರೆದೆ. ಏನಾದರೂ ಬಿಟ್ಟಿದ್ದರೆ ಹೇಳಿ.

"ವಯಸ್ಸು 25. ತಾಯಿ ತಂದೆ ರಕ್ತಸಂಬಂಧಿಗಳು, ಸೋದರಮಾವ, ಅಕ್ಕನ ಮಗಳು. ತಂಗಿಗೆ ತೊಂದರೆ ಇಲ್ಲ. 19ರವರೆಗೆ ಕಬಡ್ಡಿ ಆಡುತ್ತಿದ್ದೆ. 20ಕ್ಕೆ ಓಟ ನಿಧಾನವಾಯಿತು, ಮೀನಖಂಡ ನೋಯುತ್ತಿತ್ತು. 22ಕ್ಕೆ ತುದಿಗಾಲಲ್ಲಿ ನಿಲ್ಲಲು ಆಗಲಿಲ್ಲ. 23ಕ್ಕೆ ಕಂಬಿ ಇಲ್ಲದೆ ಮೆಟ್ಟಿಲು ಹತ್ತಲು ಆಗಲಿಲ್ಲ. 24ಕ್ಕೆ ನೆಲದಿಂದ ಏಳಲು ಕೈ ಬೇಕಾಯಿತು. ಬಲಗಾಲು ಎಡಕ್ಕಿಂತ ಸೋತಿದೆ. ಕೈಯಲ್ಲಿ ಬಲವಿದೆ. ನುಂಗಲು, ಉಸಿರಾಡಲು, ಮಲಗಲು ತೊಂದರೆ ಇಲ್ಲ. ಸಿಪಿಕೆ 7,120. ಜಿಜಿಟಿ 28. ಸ್ಟೀರಾಯ್ಡ್ ಐದು ತಿಂಗಳು, ಬಲದಲ್ಲಿ ಬದಲಾವಣೆ ಇಲ್ಲ."

20ರಲ್ಲಿ ಮೀನಖಂಡ ನೋಯುತ್ತಿದ್ದದ್ದು ಅಮ್ಮನಿಗೂ ಗೊತ್ತಿರಲಿಲ್ಲ. ಮ್ಯಾಚಿನ ನೋವು ಅಂದುಕೊಂಡಿದ್ದೆ.

ಮಾರತ್ತಹಳ್ಳಿ 29

ತುಂಬಾ ಚೆನ್ನಾಗಿದೆ. ಎರಡು ಸೇರಿಸು. ಸ್ಟೀರಾಯ್ಡ್ ಹೆಸರು, ಎಷ್ಟು ಮಿಲಿಗ್ರಾಂ. ಇನ್ನೊಂದು, ಕೊನೆಯಲ್ಲಿ ನಿನಗೆ ಡಾಕ್ಟರ ಹತ್ತಿರ ಕೇಳಬೇಕು ಅನಿಸಿದ್ದು. ಎಲ್ಲ ಅಲ್ಲ, ಎರಡೇ ಎರಡು.

ಭದ್ರಾವತಿ ಅಪ್ಪ

ಫೋನಿನಲ್ಲಿ ಒಂದು ವಿಡಿಯೋನೂ ಮಾಡಿಕೊಂಡು ಹೋಗಪ್ಪ. ಮೆಟ್ಟಿಲು ಹತ್ತುವುದು, ನೆಲದಿಂದ ಏಳುವುದು. ನಮ್ಮ ಮಗಳದು ಮೂರು ವರ್ಷದ ಹಿಂದಿನ ವಿಡಿಯೋ ಒಂದು ಇತ್ತು, ಅಣ್ಣನ ಮದುವೆಯದ್ದು. ಡಾಕ್ಟರು ಅದನ್ನು ನಾಲ್ಕು ಸಲ ನೋಡಿದರು.

ವಿಜಯನಗರದ ಅಮ್ಮನ ಮಗ

ನಾಲ್ಕು ವಾರದ ಮೇಲೆ ಬರೆಯುತ್ತಿದ್ದೇನೆ.

ನಿಮ್ಹಾನ್ಸ್‌ಗೆ ಎರಡು ಸಲ ಹೋಗಿ ಬಂದೆವು. ಮೊದಲ ಸಲ ಬೆಳಗ್ಗೆ ಆರೂವರೆಗೆ ಮನೆ ಬಿಟ್ಟು ರಾತ್ರಿ ಏಳಕ್ಕೆ ವಾಪಸ್. ಎರಡನೇ ಸಲ ಸ್ನಾಯುವಿನ ಕಾಯಿಲೆ ನೋಡುವ ಡಾಕ್ಟರು ಸಿಕ್ಕರು. ಪುಟ ಕೊಟ್ಟೆ. ಪೂರ್ತಿ ಓದಿದರು. ಯಾವ ವಯಸ್ಸಿಗೆ ಮೀನಖಂಡ ನೋವು ಅನ್ನುವ ಸಾಲಿನ ಕೆಳಗೆ ಗೆರೆ ಎಳೆದರು. ತುದಿಗಾಲಲ್ಲಿ ನಡೆಸಿದರು, ಹಿಮ್ಮಡಿ ಮೇಲೆ ನಡೆಸಿದರು. ಹಿಮ್ಮಡಿ ಮೇಲೆ ಸಲೀಸಾಗಿ ನಡೆದೆ. ಪ್ಯಾಂಟು ಮಡಿಸಿ ಎರಡೂ ಮೀನಖಂಡ ಟೇಪಿನಲ್ಲಿ ಅಳೆದರು. ಪ್ರಶ್ನೆಯೆಲ್ಲ ನನ್ನನ್ನೇ ಕೇಳಿದರು. ಅಮ್ಮ ಪಕ್ಕದಲ್ಲೇ ಇದ್ದರು, ಎರಡು ಸಲ ಬಾಯಿ ತೆರೆದು ಸುಮ್ಮನಾದರು.

ನನ್ನ ಎರಡು ಪ್ರಶ್ನೆ ಇವು. ಕೆಲಸಕ್ಕೆ ಹೋಗಬಹುದಾ? ಸ್ಟೀರಾಯ್ಡ್ ಬೇಕಾ? ಕೆಲಸ ಬಿಡಬಾರದು ಅಂದರು, ನೆಲಮಹಡಿಗೆ ಸೀಟು ಕೇಳು ಅಂತ ಪತ್ರ ಬರೆದುಕೊಟ್ಟರು. ಆಫೀಸಿನಲ್ಲಿ ಒಪ್ಪಿದ್ದಾರೆ. ಸ್ಟೀರಾಯ್ಡ್ ವಾರವಾರ ಇಳಿಸಲು ಪಟ್ಟಿ ಕೊಟ್ಟಿದ್ದಾರೆ, ಈಗ ಅರ್ಧಕ್ಕೆ ಬಂದಿದೆ. ಎಕೋ ನಾರ್ಮಲ್, ಸ್ಪೈರೋಮೆಟ್ರಿ ನಾರ್ಮಲ್. ತೊಡೆ ಮತ್ತು ಮೀನಖಂಡದ ಎಂಆರ್‌ಐ ಆಯಿತು. ಎಕ್ಸೋಮ್‌ಗೆ ನಮ್ಮ ಮೂವರ ರಕ್ತವೂ ಹೋಗಿದೆ. ರಿಪೋರ್ಟ್ ಬರಬೇಕು.

ಅಂಗವೈಕಲ್ಯದ ಗುರುತಿನ ಚೀಟಿ ಬಗ್ಗೆಯೂ ಅಲ್ಲಿನ ಸಮಾಜ ಕಾರ್ಯಕರ್ತರು ಹೇಳಿದರು. 2016ರ ಕಾಯ್ದೆಯ 21 ವಿಧಗಳಲ್ಲಿ ಮಸ್ಕ್ಯುಲರ್ ಡಿಸ್ಟ್ರೋಫಿ, ಅಂದರೆ ಸ್ನಾಯು ಸವೆಯುವ ಕಾಯಿಲೆ, ಇದೆಯಂತೆ. ಹೆಸರು ಖಚಿತವಾದ ಮೇಲೆ ಅರ್ಜಿ ಹಾಕುತ್ತೇನೆ.

ತಂಗಿಗೆ ನಾನೇ ಹೇಳಿದೆ. ಟೆರೇಸಿನಲ್ಲಿ ಕೂತು ಎಲ್ಲ ಕೇಳಿಸಿಕೊಂಡಳು. "ರಿಪೋರ್ಟ್ ಬರಲಿ, ನಾನೂ ಟೆಸ್ಟ್ ಮಾಡಿಸ್ಕೋತೀನಿ, ಮಾವನಿಗೆ ನಾನೇ ಹೇಳ್ತೀನಿ" ಅಂದಳು. ಕೆಳಗೆ ಬರುವಾಗ ಮೆಟ್ಟಿಲಿನಲ್ಲಿ ನನಗಿಂತ ಒಂದು ಮೆಟ್ಟಿಲು ಮುಂದೆ ಇದ್ದಳು, ಭುಜ ನನ್ನ ಕೈಗೆ ಸಿಗುವ ಹಾಗೆ.

ಮಾರತ್ತಹಳ್ಳಿ ಅಣ್ಣ, ನಿಮ್ಮ ಹಳೆ ಡೇಟಾ ಮತ್ತೆ ಓದಿಸಲು ಕೊಟ್ಟಿರಾ?

ಮಾರತ್ತಹಳ್ಳಿ 29

ಸೋಮವಾರ ಕೊಟ್ಟೆ. ನಿನ್ನದು ಬಂದರೆ ಇಲ್ಲೇ ತಿಳಿಸು, ನನ್ನದು ಬಂದರೆ ನಾನೂ ಬರೆಯುತ್ತೇನೆ.